ಕೈ ಹಿಡಿಯದೆ ಎಬ್ಬಿಸಿದವರು

ಮುರಿದ ಎಲುಬು ಕೂಡಿಸುವವರಿಗೆ ಹೆಸರಿದೆ, ಕಣ್ಣಿನ ಪೊರೆ ತೆಗೆಯುವವರಿಗೆ ಬಿರುದಿದೆ; ಆದರೆ ಎಪ್ಪತ್ತು ದಾಟಿದ ಮುದುಕಿಯೊಬ್ಬಳು ಉಂಡು ಮುಗಿಸಿ, ಯಾರ ರಟ್ಟೆಯನ್ನೂ ಹಿಡಿಯದೆ ನೆಲದಿಂದ ಎದ್ದು, ತನ್ನ ಗಂಗಾಳವನ್ನು ತಾನೇ ತೊಳೆದಿಡುವಂತೆ ಮಾಡುವ ವಿದ್ಯೆಗೆ ನಮ್ಮ ಸೀಮೆಯಲ್ಲಿ ಬಹುಕಾಲ ಹೆಸರೇ ಇರಲಿಲ್ಲ. ಆ ಹೆಸರಿಲ್ಲದ ವಿದ್ಯೆಯನ್ನು ಚಿತ್ತಾಪುರ, ಶಹಾಬಾದ, ವಾಡಿ, ಚಿಂಚೋಳಿ, ಸೇಡಂ ಎಂಬ ಐದು ಊರುಗಳ ಸರ್ಕಾರಿ ದವಾಖಾನೆಗಳಲ್ಲಿ ಮೂವತ್ತೈದು ವರ್ಷ ನಿಷ್ಠೆಯಿಂದ ನಡೆಸಿ, ೨೦೨೫ರ ಜೂನ್ ತಿಂಗಳ ಕೊನೆಯ ದಿನ ನಿವೃತ್ತರಾದವರು ಶ್ರೀ ಅಣವೀರ ಸಾಬಣ್ಣ ಅಂಬಿಗೇರ ಅವರು. ಅವರ ಪದನಾಮ ಫಿಜಿಯೋಥೆರಪಿಸ್ಟ್. ಜನ ಮಾತ್ರ 'ಕಲ್ಲು ಎತ್ತಸೋ ಡಾಕ್ಟರ್' ಎನ್ನುತ್ತಿದ್ದರು. ತಾವು ಡಾಕ್ಟರ್ ಅಲ್ಲ ಎಂದು ಅವರು ಪ್ರತಿ ಸಲ ತಿದ್ದುತ್ತಿದ್ದರು; ಕಲ್ಲಿನ ವಿಷಯದಲ್ಲಿ ಅವರಿಗೆ ತಕರಾರಿರಲಿಲ್ಲ.

ಸೇಡಂನಲ್ಲಿ ಹನ್ನೊಂದು ವರ್ಷ ಅವರ ಜೊತೆ ಒಂದೇ ಕೋಣೆಯಲ್ಲಿ ಕಿರಿಯ ಸಹೋದ್ಯೋಗಿಯಾಗಿ ದುಡಿದ ಭಾಗ್ಯಜ್ಯೋತಿ ಎಂಬ ಈ ಲೇಖಕಿಗೆ, ಸಮಾರಂಭ ಮುಗಿದ ಮೇಲೆ ಹೊರತರುವ ಅಭಿನಂದನ ಗ್ರಂಥದ ಸಮಿತಿಯವರು ಈ ಬರಹವನ್ನು ಒಪ್ಪಿಸಿದಾಗ, ಮೊದಲು ಸರ್ ಅವರನ್ನೇ ಕೇಳಬೇಕೆನಿಸಿತು. ಹೊಗಳಿಕೆ ಎಂದರೆ ಅವರಿಗೆ ಮೈಯೆಲ್ಲ ತುರಿಕೆ. ಬೇಡವೇ ಬೇಡ ಎನ್ನುತ್ತಾರೆಂದು ಹೆದರಿಕೆಯಿತ್ತು. ಅವರು ಒಂದೇ ಕರಾರು ಹಾಕಿದರು.

"ಬರಿಯೋದಾದ್ರ ನಮ್ಮಪ್ಪನ ಸುದ್ದಿ ಬಿಡದಾಂಗ ಬರಿ, ಭಾಗ್ಯಾ. ಅದನ್ನ ಬಿಟ್ಟು ಬರದ್ರ ಉಳದದ್ದೆಲ್ಲಾ ಸುಳ್ಳಾಗ್ತದ."

ಆದ್ದರಿಂದ ಈ ಲೇಖನ ಅವರ ಸಾಧನೆಯಿಂದಲ್ಲ, ಅವರ ತಪ್ಪಿನಿಂದ ಆರಂಭವಾಗಬೇಕಾಗಿದೆ.

ಕಾಗಿಣಾ ನದಿಯ ದಂಡೆಯ ಒಂದು ಹಳ್ಳಿ ಅವರದು. ತಂದೆ ಸಾಬಣ್ಣನವರದು ತಲೆತಲಾಂತರದ ದೋಣಿಯ ಕೆಲಸ. ಸೇತುವೆ ಊರಿನಿಂದ ನಾಲ್ಕು ಮೈಲಿ ದೂರವಿದ್ದುದರಿಂದ, ಆಚೆ ದಂಡೆಯಲ್ಲಿ ಹೊಲವಿದ್ದವರೆಲ್ಲ ಸಾಬಣ್ಣನವರ ದೋಣಿಯನ್ನೇ ಹತ್ತಬೇಕಿತ್ತು. ಎಮ್ಮೆ, ಬಣವೆಯ ಜೋಳದ ಕಣಕಿ, ಬಸುರಿ ಹೆಂಗಸರು ಎಲ್ಲವೂ ಆ ದೋಣಿಯಲ್ಲಿ ಹೊಳೆ ದಾಟಿದ್ದುಂಟು. ಹುಟ್ಟು ಹಾಕಿ ಹಾಕಿ ಅವರ ರಟ್ಟೆಗಳು ಹೇಗಿದ್ದವೆಂದರೆ, ಅಂಗಿ ಹೊಲಿಯುವ ದರ್ಜಿ ತೋಳಿಗೆ ಗೇಣು ಬಟ್ಟೆ ಹೆಚ್ಚು ಕೇಳುತ್ತಿದ್ದನಂತೆ. ಮಗ ಹೈದರಾಬಾದಿನಲ್ಲಿ ಫಿಜಿಯೋಥೆರಪಿ ಕಲಿತು, ೧೯೯೦ರಲ್ಲಿ ಚಿತ್ತಾಪುರದ ದವಾಖಾನೆಯಲ್ಲಿ ನೌಕರಿಗೆ ಸೇರಿದ. ಮೊದಲ ಪಗಾರ ಕೈಗೆ ಬಂದ ವಾರ ಊರಿಗೆ ಬಂದು, ತಂದೆಗೆ ಹೊಸ ಧೋತರ ಉಡಿಸಿ, ಅವರ ಕೈಯಿಂದ ಹುಟ್ಟು ಇಸಿದುಕೊಂಡು ಗೋಡೆಗೆ ತೂಗುಹಾಕಿದ.

"ದುಡದದ್ದು ಸಾಕಪ್ಪಾ. ಇನ್ನ ಕುಂತು ಉಣ್ಣು" ಎಂದ.

ಊರು ಕೊಂಡಾಡಿತು. ಮಗ ಎಂದರೆ ಹೀಗಿರಬೇಕು ಎಂದು ಕಟ್ಟೆಯ ಮೇಲೆ ಮಾತಾಯಿತು. ತಾಯಿ ಮರೆಮ್ಮನವರೂ ತಮ್ಮ ಪಾಲಿನ ಗೌರವ ಸಲ್ಲಿಸಿದರು: ಕೂತ ಹೊಟ್ಟೆಗೆ ಹಗುರವಿರಲಿ ಎಂದು ಗಂಡನಿಗೆ ಮೆತ್ತನ್ನ ಅನ್ನ, ಬೇಯಿಸಿದ ಬೇಳೆಯನ್ನು ಬಸಿದು ತೆಗೆದ ತಿಳಿ ಕಟ್ಟು, ಮೀನು ಮಾಡಿದ ದಿನ ತುಂಡು ಬಿಟ್ಟು ಬರೀ ರಸ. ಎರಡು ವರ್ಷದಲ್ಲಿ ಅಂಗಿಯ ತೋಳು ಜೋಲಾಡತೊಡಗಿತು. ಮೊದಲು ನೆಲದಿಂದ ಏಳಲು ಕಂಬ ಬೇಕಾಯಿತು, ಆಮೇಲೆ ಮರೆಮ್ಮ ಬೇಕಾದರು, ಆಮೇಲೆ ಇಬ್ಬರು ಬೇಕಾದರು. ವಾರವೆಲ್ಲ ಚಿತ್ತಾಪುರದಲ್ಲಿ ಬೇರೆಯವರ ಕೈಕಾಲಿಗೆ ವ್ಯಾಯಾಮ ಹೇಳುತ್ತಿದ್ದ ಮಗ, ರವಿವಾರ ಊರಿಗೆ ಬಂದು ತಂದೆಯ ಕಂಕುಳಿಗೆ ಕೈಹಾಕಿ ಎತ್ತಿ ಕೂರಿಸುತ್ತಿದ್ದ; ಅದನ್ನೇ ಸೇವೆ ಎಂದು ತಿಳಿದಿದ್ದ. ಮೂರನೆಯ ಮಳೆಗಾಲದ ಒಂದು ಮುಂಜಾನೆ ಹಾಸಿಗೆಯಿಂದ ಏಳಲು ಹೋದ ಸಾಬಣ್ಣನವರು ಬಿದ್ದು ಸೊಂಟದ ಕೀಲು ಮುರಿದುಕೊಂಡರು. ಮತ್ತೆ ಏಳಲಿಲ್ಲ. ತೀರಿಹೋಗುವುದಕ್ಕೆ ನಾಲ್ಕು ದಿನ ಮೊದಲು ಮಗನನ್ನು ಹತ್ತಿರ ಕರೆದು ಕೇಳಿದರಂತೆ:

"ತಮ್ಮಾ, ನನ್ನ ಹುಟ್ಟು ಯಾಕ ಕಸಗೊಂಡ್ಯೋ?"

ಆ ಮಾತಿನಲ್ಲಿ ಸಿಟ್ಟಿರಲಿಲ್ಲ, ತಿಳಿದುಕೊಳ್ಳುವ ಆಸೆಯಷ್ಟೇ ಇತ್ತು ಎಂದು ಸರ್ ಹೇಳುತ್ತಾರೆ. ಸಿಟ್ಟಿದ್ದರೆ ತಡೆದುಕೊಳ್ಳಬಹುದಿತ್ತು ಎಂದೂ ಹೇಳುತ್ತಾರೆ.

ದಿನಕರ್ಮಗಳು ಮುಗಿದ ಮೇಲೆ ಬಂಧು ಬಳಗದವರು ಅವರನ್ನು ಸುತ್ತುಗಟ್ಟಿ, ಇನ್ನು ತಾಯಿಯನ್ನಾದರೂ ಕೆಲಸಕ್ಕೆ ಹಚ್ಚದೆ ಸುಖವಾಗಿ ಇಟ್ಟುಕೋ ಎಂದು ಬುದ್ಧಿ ಹೇಳಿದರು. ಆಗಲಿ ಎಂದು ತಲೆಯಾಡಿಸಿದ ಅಣವೀರ ಅವರು ಮನಸ್ಸಿನಲ್ಲಿ ನಿಶ್ಚಯಿಸಿದ್ದು ಅದಕ್ಕೆ ತದ್ವಿರುದ್ಧ. ಅಪ್ಪನನ್ನು ಕೂಡಿಸಿ ಕಳೆದುಕೊಂಡೆ, ಅವ್ವನನ್ನು ಕೂಡಿಸುವುದಿಲ್ಲ ಎಂದುಕೊಂಡರು. ಆಗ ಮರೆಮ್ಮನವರಿಗೆ ನಲವತ್ತೆಂಟು. ಮುಂದಿನ ಮೂರು ದಶಕಗಳಲ್ಲಿ ಸರ್ ಎಷ್ಟೋ ಜನರನ್ನು ಎಬ್ಬಿಸಿದರು, ನಿಜ. ಆದರೆ ಅವರ ಎದೆಯೊಳಗಿನ ಪರೀಕ್ಷೆ ಒಂದೇ ಆಗಿತ್ತು, ಅವ್ವ ಕೊನೆಯವರೆಗೂ ತನ್ನ ಕಾಲ ಮೇಲೆ ತಾನು ಏಳುತ್ತಾಳೋ ಇಲ್ಲವೋ ಎಂಬುದು.

ಗೋಡೆಯ ಮೇಲಿನ ಹುಟ್ಟನ್ನು ಅವರು ಇಳಿಸಿ ಚಿತ್ತಾಪುರಕ್ಕೆ ಒಯ್ದರು. ಹೆಗಲು ಹಿಡಿದುಕೊಂಡವರಿಗೆ ಎರಡೂ ಕೈಯಲ್ಲಿ ಅದನ್ನು ಹಿಡಿದು ತಲೆಯ ಮೇಲಕ್ಕೆ ಎತ್ತುವ ವ್ಯಾಯಾಮ ಕೊಡುತ್ತಿದ್ದರು. ವರ್ಗಾವಣೆಯಾದಲ್ಲೆಲ್ಲ ಅದು ಅವರ ಜೊತೆ ಬಂತು. ದವಾಖಾನೆಯಲ್ಲಿ ದೋಣಿಯ ಹುಟ್ಟು ಯಾಕಿದೆ ಎಂದು ಕೇಳಿದವರಿಗೆ ಅವರು ಹೇಳುತ್ತಿದ್ದದ್ದು, "ತೂಕ ಸರಿ ಅದರಿ, ಎತ್ರಿ" ಎಂದಷ್ಟೇ.

ಚಿತ್ತಾಪುರದ ಏಳು ವರ್ಷ ಅವರ ಕಲಿಕೆಯ ಕಾಲ. ಹೈದರಾಬಾದಿನ ಗುರುಗಳಿಗೆ ಪತ್ರ ಬರೆದು ಪುಸ್ತಕ ತರಿಸಿಕೊಂಡು, ತಂದೆಗೆ ಆದದ್ದೇನೆಂದು ಅರ್ಥಮಾಡಿಕೊಂಡರು. ನಲವತ್ತು ದಾಟಿದ ಮೇಲೆ ಎಲ್ಲರ ಸ್ನಾಯುಗಳೂ ಮೆಲ್ಲಗೆ ಕರಗುತ್ತವೆ. ಮಲಗಿದರೆ, ಕೂತುಬಿಟ್ಟರೆ ಬೇಗ ಕರಗುತ್ತವೆ. ತಡೆಯುವ ದಾರಿ ಎರಡು, ಮತ್ತು ಎರಡೂ ಕೂಡಿಯೇ ಬೇಕು: ಸ್ನಾಯು ಭಾರ ಎತ್ತಬೇಕು, ಅದು ಮತ್ತೆ ಬೆಳೆಯಲು ಬೇಕಾದ ಪ್ರೋಟೀನು ಊಟದಲ್ಲಿ, ಒಂದು ಹೊತ್ತಿಗೆ ಮಾತ್ರವಲ್ಲ, ಮೂರೂ ಹೊತ್ತು ಬರಬೇಕು. ಮುದುಕರಿಗೆ ಕಡಿಮೆ ಸಾಕು ಎಂಬುದು ತಲೆಕೆಳಗಾದ ಲೆಕ್ಕ. ಹರೆಯದವರಿಗಿಂತ ಅವರಿಗೇ ಪ್ರೋಟೀನು ಒಂದು ಹಿಡಿ ಹೆಚ್ಚು ಬೇಕು.

ಹೇಳುವುದು ಸುಲಭ. ರೋಗಿಗಳ ಮನೆಮನೆಗೆ ಹೋಗಿ ಅಡುಗೆಮನೆಯ ಹೊಸ್ತಿಲಲ್ಲಿ ಕುಳಿತು ನೋಡಿದಾಗ ಅವರಿಗೆ ಕಂಡದ್ದು ತಮ್ಮ ಮನೆಯದೇ ಕಥೆ. ದೇಶಕ್ಕೆಲ್ಲ ತೊಗರಿ ಕಳಿಸುವ ಸೀಮೆ ನಮ್ಮದು. ಆದರೆ ಹಿರಿಯರ ಗಂಗಾಳದಲ್ಲಿ ಬೇಳೆ ಇಲ್ಲ. ಬೇಳೆ ದುಡಿಯುವವರಿಗೆ, ಮಕ್ಕಳಿಗೆ; ಕಟ್ಟು ಮುದುಕರಿಗೆ. ಅದೂ ತಿರಸ್ಕಾರದಿಂದಲ್ಲ, ಮರ್ಯಾದೆಯಿಂದ. ಬೇಳೆಯ ಶಕ್ತಿಯೆಲ್ಲ ಕುದಿಯುವಾಗ ಕಟ್ಟಿಗೆ ಇಳಿಯುತ್ತದೆ, ಉಳಿದದ್ದು ಬರೀ ಚರಟ ಎಂದು ಗಟ್ಟಿಯಾಗಿ ನಂಬಿದ ಸೊಸೆಯಂದಿರು ಅತ್ತೆಗೆ ಸಾರ ಬಸಿದು ಕೊಡುತ್ತಿದ್ದರು. ಮಾತಿನಿಂದ ಈ ನಂಬಿಕೆ ಅಲುಗಾಡುವುದಿಲ್ಲವೆಂದು ತಿಳಿದ ಅಣವೀರ ಅವರು ಒಂದು ದಿನ ಕಿರಾಣಿ ಅಂಗಡಿಯ ತಕ್ಕಡಿಯಲ್ಲಿ ಒಂದು ಪಾವು ಬೇಳೆ ತೂಗಿಸಿ, ಬೇಯಿಸಿ, ಹೆಂಗಸರ ಎದುರಿಗೇ ಕಟ್ಟು ಬಸಿದು, ಉಳಿದ ಬೇಳೆಯನ್ನು ದವಾಖಾನೆಯ ಮಾಳಿಗೆಯ ಮೇಲೆ ಮೂರು ದಿನ ಒಣಗಿಸಿದರು. ಗುಬ್ಬಿಗಳನ್ನು ಓಡಿಸಲು ತಾವೇ ಛತ್ರಿ ಹಿಡಿದು ಕುಳಿತಿದ್ದರು. ನಾಲ್ಕನೆಯ ದಿನ ಅದೇ ತಕ್ಕಡಿಯಲ್ಲಿ ತೂಗಿದರೆ ಚಿಟಿಕೆಯಷ್ಟು ಮಾತ್ರ ಕಡಿಮೆ.

"ಶಕ್ತಿ ಇಳದದ್ದು ಎಲ್ಲಿ ಅದ, ತೋರಸ್ರಿ ಯವ್ವಾ. ಗುಬ್ಬಿಗಿ ಸೈತ ಗೊತ್ತದ, ಯಾವುದು ತಿನ್ನಬೇಕಂತ" ಎಂದರು.

ಆ ತಕ್ಕಡಿಯ ಸುದ್ದಿ ಚಿತ್ತಾಪುರದ ಓಣಿಗಳಲ್ಲಿ ಹಬ್ಬಿದಷ್ಟು ಬೇಗ ಯಾವ ಆರೋಗ್ಯ ಪ್ರಚಾರವೂ ಹಬ್ಬಿರಲಿಕ್ಕಿಲ್ಲ.

ಅವರ ಇನ್ನೊಂದು ಪದ್ಧತಿ ಹುಟ್ಟಿದ್ದೂ ಅಲ್ಲಿಯೇ. ನಮ್ಮ ಕಡೆ ಬದುಕು ನಡೆಯುವುದು ನೆಲದ ಮೇಲೆ. ಊಟ, ಪೂಜೆ, ನಮಾಜು, ರೊಟ್ಟಿ ಬಡಿಯುವುದು ಎಲ್ಲ ಪರಸಿ ಕಲ್ಲಿನ ಹಾಸಿನ ಮೇಲೆಯೇ. ಆದ್ದರಿಂದ ಮುದುಕರ ಬಲವನ್ನು ಅವರು ಯಂತ್ರದಿಂದ ಅಳೆಯಲಿಲ್ಲ. ನೆಲದ ಮೇಲೆ ಕೂಡಿಸಿ, ಏಳಲು ಎಷ್ಟು ಕೈ ಬೇಕಾಯಿತೆಂದು ನೋಡಿ ಚೀಟಿಯಲ್ಲಿ ಬರೆಯುತ್ತಿದ್ದರು: ಎರಡು ಕೈ, ಒಂದು ಕೈ, ಕೈಯಿಲ್ಲ. ರೋಗಿ ಏಳಲು ಹೆಣಗುವಾಗ ತಾವು ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು ನಿಲ್ಲುತ್ತಿದ್ದರು. ಎಂಥ ಸೊಕ್ಕಿನ ಮನುಷ್ಯ ಎಂದು ಬೈದವರಿದ್ದಾರೆ. ಬಿಟ್ಟರೆ ಎಲ್ಲಿ ತಾನೇ ಎತ್ತಿಬಿಡುತ್ತೇನೋ ಎಂದು ತಮ್ಮ ಕೈಗಳನ್ನು ತಾವೇ ಹಿಡಿದಿಟ್ಟುಕೊಳ್ಳುತ್ತಿದ್ದರೆಂಬುದು ಬಹಳ ಜನಕ್ಕೆ ತಿಳಿಯಲಿಲ್ಲ.

ಶಹಾಬಾದಕ್ಕೆ ವರ್ಗವಾದ ಮೇಲೆ ಅವರಿಗೆ ಕಲ್ಲು ದೊರೆಯಿತು. ಕಬ್ಬಿಣದ ಡಂಬೆಲ್ಸ್ ಕೊಳ್ಳುವ ರೋಗಿಗಳು ನಮ್ಮಲ್ಲಿ ಎಲ್ಲಿ? ಅಲ್ಲಿ ಪರಸಿ ಪಾಲಿಶ್ ಮಾಡುವ ಬಂದೇಅಲಿ ಎಂಬುವರು ತಮ್ಮ ತಾಯಿ ಹಸೀನಾಬೇಗಂ ಅವರನ್ನು ಕರೆತಂದಿದ್ದರು. ಅರವತ್ತೆಂಟರ ಆ ತಾಯಿ ಕೆಳಗೆ ಕೂತರೆ ಏಳಲಾರದೆ ಎರಡು ವರ್ಷದಿಂದ ಕುರ್ಚಿಯ ಮೇಲೆಯೇ ನಮಾಜು ಮಾಡುತ್ತಿದ್ದರು.

"ಕುರ್ಚಿ ಮ್ಯಾಲಿಂದು ಅಲ್ಲಾ ಕಬೂಲ್ ಮಾಡ್ಕೋತಾನ, ಬೇಟಾ, ಅದು ನನಗ ಗೊತ್ತದ. ಆದ್ರ ನನ್ನ ಹಣಿ ನೆಲಕ್ಕ ಹತ್ತಬೇಕು ಅಂತ ಜೀವ ಭಾಳ ಎಳೀತದ" ಎಂದರು ಆಕೆ.

ಬಂದೇಅಲಿಯವರು ಅಂಚು ಕತ್ತರಿಸಿ ಬಿಸಾಡುವ ಪರಸಿ ಚೂರುಗಳನ್ನು ಅರ್ಧ ಕಿಲೋ, ಒಂದು ಕಿಲೋ, ಎರಡು ಕಿಲೋ ಎಂದು ಕೊಯ್ದು, ಕೈಗೆ ತಾಗದಂತೆ ಮೂಲೆ ಉಜ್ಜಿ, ತೂತು ಕೊರೆದು ಬಟ್ಟೆಯ ಹಿಡಿಕೆ ಕಟ್ಟಿಕೊಟ್ಟರು. ಎತ್ತುವವರು ಕಲ್ಲಿನ ಮೇಲೆ ಮೊಳೆಯಿಂದ ತಮ್ಮ ಹೆಸರು ಗೀಚುವುದು, ಹನ್ನೆರಡು ಸಲ ಸಲೀಸಾಗಿ ಎತ್ತುವಂತಾದಾಗ ಅದನ್ನು ಮರಳಿಸಿ ಮುಂದಿನ ತೂಕದ್ದನ್ನು ಒಯ್ಯುವುದು, ಮರಳಿದ ಕಲ್ಲಿನ ಮೇಲೆ ಇನ್ನೊಬ್ಬರು ಕೆಳಗೆ ತಮ್ಮ ಹೆಸರು ಗೀಚುವುದು, ಹೀಗೆ ಒಂದು ವಾಡಿಕೆಯಾಯಿತು. ಇವತ್ತಿಗೂ ಸೇಡಂನ ನಮ್ಮ ಕೋಣೆಯಲ್ಲಿ, ಸರ್ ಅಲ್ಲಿಂದ ತಂದ, ಒಂಬತ್ತು ಹೆಸರಿರುವ ಕಲ್ಲೊಂದಿದೆ; ಮೊದಲ ಹೆಸರು ಹಸೀನಾಬೇಗಂ ಅವರದು. ದಿನಕ್ಕೆರಡು ತತ್ತಿ, ಗಟ್ಟಿ ಬೇಳೆ, ಹಲ್ಲಿಲ್ಲದ ಬಾಯಿಗೆ ನುಣ್ಣಗೆ ಅರೆದ ಖೀಮಾ ತಿಂದು, ವಾರಕ್ಕೆ ಮೂರು ದಿನ ಕಲ್ಲು ಎತ್ತಿ, ಹತ್ತನೆಯ ತಿಂಗಳಿಗೆ ಅವರು ನೆಲಕ್ಕೆ ಹಣೆ ಹಚ್ಚಿ ಎದ್ದರು. ಆ ರಂಜಾನಿಗೆ ಅಣವೀರ ಅವರ ಮನೆಗೆ ಬಂದ ಶೀರಖುರ್ಮಾದ ಡಬ್ಬಿ ಅವರ ವರ್ಗಾವಣೆಯ ನಂತರವೂ, ಯಾವ ಊರಲ್ಲಿದ್ದರೆ ಆ ಊರಿಗೆ, ವರ್ಷವರ್ಷ ಬರುತ್ತಿತ್ತು.

ವಾಡಿಯಲ್ಲಿ ವಾರಕ್ಕೆರಡು ದಿನದ ನಿಯೋಜನೆ. ರೈಲಿನಲ್ಲಿ ನಾಲವಾರ ಎಂಬ ಊರಿಗೂ ಹೋಗಿ, ಮನೆ ಬಿಟ್ಟು ಬರಲಾಗದವರನ್ನು ಕಂಡು ಬರುತ್ತಿದ್ದರು. ಅದಕ್ಕೆ ಪ್ರಯಾಣ ಭತ್ಯೆಯ ಬಿಲ್ಲು ಬರೆದದ್ದನ್ನು ಯಾರೂ ನೋಡಿಲ್ಲ. ಚಿಂಚೋಳಿಯಲ್ಲಿ ಎಂಟು ವರ್ಷ. ಅಲ್ಲಿಯ ನಿವೃತ್ತ ಮುಖ್ಯಗುರು ಕಲ್ಯಾಣಪ್ಪನವರ ಪ್ರಸಂಗವನ್ನು ಸರ್ ತಾವಾಗಿಯೇ ಹೇಳುತ್ತಿದ್ದರು, ಅದರಲ್ಲಿ ಸೋತವರು ತಾವೇ ಆದ್ದರಿಂದ. ಲಿಂಗಪೂಜೆಗೆ ಕೂತರೆ ಏಳಲು ಇಬ್ಬರು ಬೇಕಾಗಿದ್ದ ಕಲ್ಯಾಣಪ್ಪನವರಿಗೆ ಸರ್ ಹುರುಪಿನಿಂದ ಬೇಳೆ, ಮಸರು, ಶೇಂಗಾ ಹಿಂಡಿ ಎಂಬ ಚಟ್ನಿಪುಡಿ, ಮೊಳಕೆ ಕಾಳು ಎಂದು ದೊಡ್ಡ ಪಟ್ಟಿ ಕೊಟ್ಟರು. ಅದೃಷ್ಟಕ್ಕೆ ದವಾಖಾನೆಯ ವೈದ್ಯರು ಅದನ್ನು ನೋಡಿ, ಇವರ ಮೂತ್ರಪಿಂಡ ಸೋತಿದೆ, ಇಷ್ಟು ಪ್ರೋಟೀನು ಸಲ್ಲದು ಎಂದು ತಡೆದರು. ಅಂದಿನಿಂದ ರಕ್ತಪರೀಕ್ಷೆ ನೋಡದೆ, ವೈದ್ಯರನ್ನು ಕೇಳದೆ ಸರ್ ಯಾರ ಗಂಗಾಳಕ್ಕೂ ಕೈಹಾಕಲಿಲ್ಲ. ಕಲ್ಯಾಣಪ್ಪನವರಿಗೆ ವೈದ್ಯರು ಅಳೆದು ಹೇಳಿದಷ್ಟೇ ಊಟ ಇಟ್ಟು ಕಲ್ಲಿನಿಂದಲೇ ಎಬ್ಬಿಸಿದರು. ತಡವಾಯಿತು, ಆದರೂ ಎದ್ದರು.

೨೦೧೪ರಲ್ಲಿ ಅವರು ಸೇಡಂಗೆ ಬಂದ ವರ್ಷವೇ ಈ ಲೇಖಕಿಯೂ ಅಲ್ಲಿ ಕೆಲಸಕ್ಕೆ ಸೇರಿದ್ದು. ಮೊದಲ ವಾರ ಆದಿತ್ಯನಗರದಿಂದ ಬಂದ, ಸಿಮೆಂಟ್ ಕಾರ್ಖಾನೆಯಿಂದ ನಿವೃತ್ತರಾದ ಅಜ್ಜನೊಬ್ಬ ನೆಲದಿಂದ ಏಳಲು ತಡವರಿಸುತ್ತಿದ್ದಾಗ, ಕಲಿತ ಸಂಸ್ಕಾರ ಬಿಡಬೇಕಲ್ಲ, ಈಕೆ ಓಡಿಹೋಗಿ ರಟ್ಟೆ ಹಿಡಿದಳು. ಸರ್ ಬೈಯಲಿಲ್ಲ.

"ಅವರು ಏಳೋದನ್ನ ನೀ ಯಾಕ ಕಸಗೋತಿ, ಭಾಗ್ಯಾ?" ಎಂದರು.

ಆಗ ಅದು ಬರೀ ಪಾಠವೆನಿಸಿತ್ತು. ಸಾಬಣ್ಣನವರ ಸುದ್ದಿ ತಿಳಿದ ಮೇಲೆ ಆ ಮಾತು ಎಲ್ಲಿಂದ ಬಂತೆಂದು ಅರ್ಥವಾಯಿತು. ಇನ್ನೊಂದನ್ನು ಇಲ್ಲಿ ಹೇಳದೆ ಹೋದರೆ ಕೃತಘ್ನಳಾದಂತೆ. ಈಕೆಯ ಮಗು ಎಳೆಯದಿದ್ದಾಗ ಏಳು ತಿಂಗಳ ಕಾಲ ಮಧ್ಯಾಹ್ನ ಮೂರರ ನಂತರದ ರೋಗಿಗಳೆಲ್ಲ ಹೇಗೋ ಸರ್ ಅವರ ಪಾಲಿಗೇ ಬರುತ್ತಿದ್ದರು. ಕಾಕತಾಳೀಯವೆಂದೇ ತಿಳಿದಿದ್ದ ಈಕೆಗೆ, ರಿಜಿಸ್ಟರಿನಲ್ಲಿ ಅವರು ಮುಂಜಾನೆಯೇ ಹೆಸರುಗಳನ್ನು ತಮ್ಮ ಕಡೆ ಬರೆದುಕೊಳ್ಳುತ್ತಿದ್ದರೆಂದು ಗೊತ್ತಾದದ್ದು ಮಗು ನಡೆಯಲು ಕಲಿತ ಮೇಲೆ.

ಮರೆಮ್ಮನವರು ಆಗ ಸೇಡಂನಲ್ಲಿ ಮಗನ ಮನೆಯಲ್ಲಿದ್ದರು. ನೀರು ಹೊರುತ್ತಿದ್ದರು, ರೊಟ್ಟಿ ಬಡಿಯುತ್ತಿದ್ದರು, ಅಂಗಳದ ಬೆಂಚನ್ನು ಸರಿಸಿ ಕಸ ಗುಡಿಸುತ್ತಿದ್ದರು. ಸರ್ಕಾರಿ ನೌಕರನ ತಾಯಿಯ ತಲೆಯ ಮೇಲೆ ಕೊಡ ನೋಡಿ ಓಣಿಯವರು ಆಡದ ಮಾತಿಲ್ಲ. ತಂದೆಯನ್ನು ಕೂಡಿಸಿದಾಗ ಹೊಗಳಿದ ಜನವೇ ತಾಯಿಯನ್ನು ಕೂಡಿಸದೆ ಇದ್ದುದಕ್ಕೆ ಜಿಪುಣ ಎಂದರು, ಕಟುಕ ಎಂದರು. ಅಣವೀರ ಅವರು ಎಲ್ಲವನ್ನೂ ಕೇಳಿಸಿಕೊಂಡರು, ತಾಯಿಯ ತಲೆಯಿಂದ ಕೊಡ ಇಳಿಸಲಿಲ್ಲ.

೨೦೨೩ರ ಜನವರಿಯಲ್ಲಿ ಮರೆಮ್ಮನವರಿಗೆ ನ್ಯುಮೋನಿಯಾ ಆಯಿತು. ಹದಿನಾರು ದಿನ ಹಾಸಿಗೆ. ಜ್ವರ ಬಿಟ್ಟು ಮನೆಗೆ ಬಂದ ಮೇಲೆ, ವೈದ್ಯರ ಒಪ್ಪಿಗೆ ಪಡೆದು ಸರ್ ಮತ್ತೆ ಅರ್ಧ ಕಿಲೋ ಕಲ್ಲಿನಿಂದ ಶುರುಮಾಡಿದರು. ವಾಡಿಯಲ್ಲಿ ಸಂಸಾರ ಮಾಡಿಕೊಂಡಿದ್ದ ತಂಗಿ ಅಂಬಿಕಾ ತಾಯಿಯನ್ನು ನೋಡಲು ಬಂದಾಗ ಕಂಡದ್ದು, ನಡುಗುವ ಕೈಯಲ್ಲಿ ಕಲ್ಲು ಎತ್ತುತ್ತಿರುವ ಅವ್ವ, ಮತ್ತು ಕೈ ಹಿಂದೆ ಕಟ್ಟಿಕೊಂಡು ನೋಡುತ್ತಾ ನಿಂತ ಅಣ್ಣ.

"ಅಪ್ಪನ್ನ ಕುಂದರಿಸಿ ಕೊಂದಿ. ಅವ್ವನ್ನ ಕಲ್ಲು ಎತ್ತಿಸಿ ಕೊಲ್ತೀ ಏನು?" ಎಂದು ಆಕೆ ಬಾಗಿಲಲ್ಲೇ ಕೂಗಿದರು.

ಮೊದಲನೆಯ ಮಾತು ನಿಜವಾಗಿತ್ತು. ಎರಡನೆಯದು ಸುಳ್ಳೆಂದು ವಾದಿಸದೆ ಅಣ್ಣ ತಾಯಿಯ ಬಟ್ಟೆಗಂಟು ಕಟ್ಟಿಕೊಟ್ಟರು. ಅಂಬಿಕಾ ಅದೇ ಸಂಜೆ ತಾಯಿಯನ್ನು ವಾಡಿಗೆ ಕರೆದೊಯ್ದರು.

ಅವರನ್ನು ದೂರುವುದು ಅನ್ಯಾಯ. ಆಕೆ ಮಾಡಿದ್ದೆಲ್ಲ ಪ್ರೀತಿಯಿಂದ: ಮೆತ್ತನೆಯ ಗಾದಿ ಹಾಸಿದರು, ಕೂತಲ್ಲಿಗೇ ಗಂಜಿ, ಕಟ್ಟು ತಂದು ತುತ್ತು ಮಾಡಿ ಉಣಿಸಿದರು, ಬಚ್ಚಲಿಗೂ ಎತ್ತಿಕೊಂಡೇ ಒಯ್ದರು. ಐದು ತಿಂಗಳಾದ ಮೇಲೆ, ಜೂನಿನ ಒಂದು ಮಧ್ಯಾಹ್ನ, ನಮ್ಮ ಕೋಣೆಯಲ್ಲಿದ್ದ ಸರ್ ಅವರಿಗೆ ಫೋನು ಬಂತು.

"ಅಣ್ಣಾ, ಅವ್ವ ಏಳವಲ್ಲಳು" ಎಂದು ಅಂಬಿಕಾ ಅಳುತ್ತಿದ್ದುದು ಪಕ್ಕದಲ್ಲಿದ್ದ ನಮಗೂ ಕೇಳಿಸಿತು.

ಮರುದಿನ ಮರೆಮ್ಮನವರನ್ನು ಕಾರಿನ ಹಿಂಬದಿ ಸೀಟಿನಲ್ಲಿ ಮಲಗಿಸಿ ನಮ್ಮ ದವಾಖಾನೆಗೆ ತಂದರು. ತೊಡೆಗಳು ಕೈಬಳೆ ಏರಿಸಬಹುದೆನ್ನುವಷ್ಟು ಸಣ್ಣಗಾಗಿದ್ದವು. ಎಷ್ಟೋ ಸಾವಿರ ಚೀಟಿ ಬರೆದ ಸರ್ ಅಂದು ತಾಯಿಯ ಚೀಟಿ ಬರೆದರು. 'ಮರೆಮ್ಮ, ೭೮. ಇಬ್ಬರು.' ಕೈಗಳ ಲೆಕ್ಕ ಸಾಲದೆ ಜನರನ್ನು ಎಣಿಸಬೇಕಾಗಿ ಬಂದಿತ್ತು. ಬರೆದು ಮುಗಿಸಿ, ಸ್ಟೂಲಿನ ಮೇಲೆ ಕುಸಿದು ಕುಳಿತರು.

"ಅಪ್ಪ ಬಿದ್ದ ವರ್ಷ ಹ್ಯಾಂಗಿದ್ದನೋ ಹಾಂಗೇ ಆಗ್ಯಾಳ, ಭಾಗ್ಯಾ. ಮತ್ತ ಅದೇ ಬಂತು ನೋಡು."

ಅವರು ಹೆದರಿದ್ದನ್ನು ಹನ್ನೊಂದು ವರ್ಷದಲ್ಲಿ ನೋಡಿದ್ದು ಅದೊಂದೇ ಸಲ. ಆಮೇಲೆ ಎದ್ದು ಮುಖ ತೊಳೆದುಕೊಂಡು ಬಂದು, ಬಾಗಿಲ ಹೊರಗೆ ಗೋಡೆಗೆ ಮುಖ ಮಾಡಿ ನಿಂತಿದ್ದ ತಂಗಿಯನ್ನು ಒಳಗೆ ಕರೆದರು. ಒಂದು ಕಟುಮಾತೂ ಆಡಲಿಲ್ಲ.

"ಅಂಬವ್ವಾ, ಗಂಗಾಳ ನಿಂದು, ಕಲ್ಲು ನಂದು. ಒಬ್ಬರ ಕೈಲಿ ಇದು ಆಗಂಗಿಲ್ಲ" ಎಂದರು.

ಅಂಬಿಕಾ ಎರಡು ತಿಂಗಳು ಸೇಡಂನಲ್ಲೇ ಉಳಿದರು, ಆಮೇಲೂ ವಾರವಾರ ಬಂದರು. ಮುಂಜಾನೆ ತತ್ತಿ, ಮಧ್ಯಾಹ್ನ ಚಮಚ ನಿಲ್ಲುವಷ್ಟು ಗಟ್ಟಿ ಬೇಳೆ, ಸಂಜೆ ಮಸರಿನ ಜೊತೆ ಶೇಂಗಾ ಹಿಂಡಿ ಇಲ್ಲವೇ ಕಾಗಿಣಾದ ಮೀನು. ಮರೆಮ್ಮನವರು ಸುಲಭದ ಆಸಾಮಿಯಲ್ಲ. ಮುದುಕಿ ತತ್ತಿ ತಿಂದರೆ ಜನ ನಗುತ್ತಾರೆಂದು ಮುಖ ತಿರುವುವರು. ಮೀನಿನ ತುಂಡನ್ನು ಕಣ್ಣು ತಪ್ಪಿಸಿ ಮೊಮ್ಮಗಳ ಗಂಗಾಳಕ್ಕೆ ದಾಟಿಸುವರು. ಅರವತ್ತು ವರ್ಷ ರಸ ತಾನು ಕುಡಿದು ತುಂಡು ಬೇರೆಯವರಿಗೆ ಬಡಿಸಿದ ಕೈ ಅದು, ಹೇಗೆ ಬಿಟ್ಟೀತು? ಮಗಳು ಎದುರಿಗೆ ಕುಳಿತು ಕೊನೆಯ ತುಂಡು ಗಂಟಲಿಗಿಳಿಯುವ ತನಕ ಏಳುತ್ತಿರಲಿಲ್ಲ.

ಇತ್ತ ಮಗ, ತಾಯಿಯ ಮಂಚದ ಕಾಲುಗಳ ಕೆಳಗೆ ಆರಾರು ಪರಸಿ ತುಂಡು ಪೇರಿಸಿ ಎತ್ತರ ಮಾಡಿದರು. ಎತ್ತರದಿಂದ ಏಳುವುದು ಸುಲಭ. ಅಲ್ಲಿಂದ ದಿನವೂ ಎದ್ದು ಕೂತು, ಎದ್ದು ಕೂತು ಪಳಗಿದ ಮೇಲೆ ಒಂದು ಸಾಲು ಪರಸಿ ತೆಗೆಯುವುದು. ಒಂದೊಂದು ಸಾಲಿಗೆ ಎರಡು ಮೂರು ತಿಂಗಳು ಹಿಡಿಯಿತು. ಚಿಕುನ್‌ಗುನ್ಯಾ ಬಂದು ತೆಗೆದದ್ದನ್ನು ಮತ್ತೆ ಇಟ್ಟದ್ದೂ ಆಯಿತು. ಪರಸಿ ಮುಗಿದ ಮೇಲೆ ಗಿಡ್ಡ ಮಣೆ, ಮಣೆಯ ನಂತರ ಮಡಚಿದ ಕಂಬಳಿ. ಸರ್ ನಿವೃತ್ತರಾಗುವ ದಿನ ಬಂದಾಗ ಕಂಬಳಿ ಇನ್ನೂ ಹಾಗೇ ಇತ್ತು. ಬರಿಯ ನೆಲದಿಂದ ಮರೆಮ್ಮ ಎದ್ದಿರಲಿಲ್ಲ.

ಆಗಸ್ಟಿನಲ್ಲಿ ಸೇಡಂನ ಸಭಾಭವನದಲ್ಲಿ ಅಭಿನಂದನ ಸಮಾರಂಭ. ಇಲ್ಲಿ ಒಂದು ತಪ್ಪೊಪ್ಪಿಗೆ. ಸರ್ ಅವರಿಗೆ ಏನು ಉಡುಗೊರೆ ಕೊಡುವುದೆಂದು ಸಮಿತಿಯಲ್ಲಿ ಚರ್ಚೆಯಾದಾಗ, ಬೆತ್ತದ ಒಂದು ಆರಾಮ ಕುರ್ಚಿ ಕೊಡೋಣ ಎಂದವಳು ಈ ಲೇಖಕಿಯೇ. ಹನ್ನೊಂದು ವರ್ಷ ಜೊತೆಗಿದ್ದು ಕಲಿತದ್ದು ಇಷ್ಟು! ವೇದಿಕೆಯ ಮೇಲೆ ಕುರ್ಚಿಯ ಹೊದಿಕೆ ತೆಗೆದು, "ಇನ್ಮ್ಯಾಲ ಆರಾಮ ಕುಂದ್ರಿ ಸರ್" ಎಂದು ಎಲ್ಲರೂ ಚಪ್ಪಾಳೆ ತಟ್ಟಿದರು. ಸರ್ ಕುರ್ಚಿಯ ಸುತ್ತ ಒಂದು ಸುತ್ತು ಬಂದು, ಬಗ್ಗಿ ಅದರ ಎತ್ತರ ನೋಡಿ, ಮೈಕಿನ ಹತ್ತಿರ ಹೋದರು.

"ಭಾಳ ಚಲೋ ಕುರ್ಚಿ ಅದ. ತಗ್ಗಿನಾಗ ಅದ, ಇದರಿಂದ ಕೈ ಹಚ್ಚದೆ ಏಳೋದು ಭಾಳ ಕಠಿಣ. ದವಾಖಾನ್ಯಾಗ ಇಡ್ರಿ, ಕಲಿಯೋರಿಗಿ ಬೇಕಾಗ್ತದ" ಎಂದರು. ಸಭೆಯೆಲ್ಲ ನಕ್ಕಿತು. ಈಕೆ ಮಾತ್ರ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು.

ನಂತರ ತಾಯಿಯನ್ನು ಸನ್ಮಾನಿಸಬೇಕೆಂದು ಹೆಸರು ಕೂಗಿದರು. ಮುಂದಿನ ಸಾಲಿನ ಸೋಫಾ ಬೇಡವೆಂದು ಮರೆಮ್ಮನವರು ಆರಂಭದಿಂದಲೂ ವೇದಿಕೆಯ ಕೆಳಗೆ, ಓರಗೆಯ ಹೆಂಗಸರ ಜೊತೆ, ಪರಸಿ ನೆಲದ ಮೇಲೆಯೇ ಕೂತಿದ್ದರು. ಕೆಳಗೆ ಕಂಬಳಿ ಇರಲಿಲ್ಲ. ಹೆಸರು ಕೇಳಿ ಅವರು ಒಂದು ಮಂಡಿ ಊರಿ ಮುಂದಕ್ಕೆ ಬಾಗಿದರು. ಏಳಲಾಗದೆ ಹಿಂದಕ್ಕೆ ಕುಳಿತರು. ಪಕ್ಕದಲ್ಲಿದ್ದ ಅಂಬಿಕಾ ಥಟ್ಟನೆ ಕೈ ಚಾಚಿದರು. ಚಾಚಿದವರು ಅರ್ಧದಲ್ಲೇ ನಿಲ್ಲಿಸಿ, ಆ ಕೈಯನ್ನು ಬೆನ್ನ ಹಿಂದೆ ಇಟ್ಟುಕೊಂಡು ಇನ್ನೊಂದು ಕೈಯಿಂದ ಗಟ್ಟಿಯಾಗಿ ಹಿಡಿದುಕೊಂಡರು. ಎರಡನೆಯ ಸಲ ಮರೆಮ್ಮನವರು ಇನ್ನಷ್ಟು ಮೇಲೆ ಬಂದು, ಮತ್ತೆ ಕುಳಿತರು. ಅಷ್ಟರಲ್ಲಿ ವೇದಿಕೆಯಿಂದ ಯಾರೋ ದಡದಡ ಇಳಿದು ಬಂದರು. ನೋಡಿದರೆ ಅಣವೀರ ಸರ್. ಮೂರು ದಶಕ ಬೆನ್ನ ಹಿಂದೆ ಕಟ್ಟಿಟ್ಟಿದ್ದ ಆ ಎರಡೂ ಕೈಗಳು ಬಿಚ್ಚಿಕೊಂಡು ತಾಯಿಯ ಕಂಕುಳಿನ ಕಡೆ ಚಾಚಿದ್ದವು.

ಮರೆಮ್ಮ ತಲೆ ಎತ್ತಿ ಮಗನನ್ನು ನೋಡಿದರು.

"ಕೈ ತಗಿಯೋ ತಮ್ಮಾ. ನಿಮ್ಮಪ್ಪನ ಹುಟ್ಟು ಕಸಗೊಂಡಿದ್ದಿ. ನಂದು ಕಸಗೋಬ್ಯಾಡ."

ಸರ್ ನಿಂತಲ್ಲೇ ನಿಂತರು. ಕೈಗಳು ಮೆಲ್ಲಗೆ ಹಿಂದಕ್ಕೆ ಹೋದವು. ಮರೆಮ್ಮನವರು ಎಡಮಂಡಿ ಊರಿದರು, ಬಲಗೈಯನ್ನು ನೆಲಕ್ಕೆ ಒತ್ತಿದರು, ತುಸು ಹೊತ್ತು ಹಾಗೇ ಉಸಿರು ಹಿಡಿದರು. ಆಮೇಲೆ ಎದ್ದು ನಿಂತರು. ನಿಂತವರು ಸೆರಗು ಸರಿಮಾಡಿಕೊಂಡು, ಯಾರನ್ನೂ ಕಾಯದೆ ವೇದಿಕೆಯ ಮೆಟ್ಟಿಲ ಕಡೆ ನಡೆದರು. ಮಗ ಅಲ್ಲಿಯೇ ನಿಂತು, ಸನ್ಮಾನದ ಶಾಲಿನಲ್ಲಿ ಮುಖ ಒರೆಸಿಕೊಳ್ಳುತ್ತ, ಚಿಕ್ಕ ಮಕ್ಕಳ ಹಾಗೆ ಅತ್ತರು. ಅಂಬಿಕಾ ಬಂದು ಅಣ್ಣನ ಪಕ್ಕ ನಿಂತರು.

ನಿವೃತ್ತಿಯ ದಿನ ಕೋಣೆಯ ಬೀಗದ ಕೈ ಕೊಡುವಾಗ ಸರ್ ಕಲ್ಲುಗಳನ್ನೆಲ್ಲ ಬಿಟ್ಟುಹೋದದ್ದು ಸಹಜ. ತಂದೆಯ ಹುಟ್ಟನ್ನಾದರೂ ಒಯ್ಯುತ್ತಾರೆಂದು ನಾವು ಅದನ್ನು ಒರೆಸಿ ಬಾಗಿಲ ಬಳಿ ಇಟ್ಟಿದ್ದೆವು. ಅವರು ಅದನ್ನು ಮತ್ತೆ ಒಳಗಿಟ್ಟರು. "ಇಲ್ಲೇ ಇರ್ಲಿ. ಎತ್ತೋರ ಕೈಯಾಗ ಇರ್ಲಿ" ಎಂದರು. ಈಗ ಮಂಗಳವಾರ, ಶುಕ್ರವಾರ ಸಂಜೆ ಕೋಡ್ಲಾದ ಶಾಲೆಯ ಅಂಗಳದಲ್ಲಿ ಅವರು ಮುದುಕರಿಗೆ ಕಲ್ಲು ಎತ್ತಿಸುತ್ತಾರೆ. ಗಂಗಾಳದ ಪಾಠ ಅಂಬಿಕಾ ಅವರದು.

ನೂರು ವರ್ಷ ಬಾಳಿರೆಂದು ಹರಸುವುದು ವಾಡಿಕೆ. ಅಷ್ಟು ಹಾರೈಸಿ ಸುಮ್ಮನಾದರೆ ಸರ್ ಒಪ್ಪುವವರಲ್ಲ, ನೂರು ವರ್ಷ ಕೂತು ಬಾಳಿದರೆ ಏನು ಬಂತು ಎಂದಾರು. ಆದ್ದರಿಂದ ನಮ್ಮ ಹಾರೈಕೆ ಇಷ್ಟು: ಶ್ರೀ ಅಣವೀರ ಅಂಬಿಗೇರ ಅವರು ಗಟ್ಟಿ ಬೇಳೆ ಉಂಡು, ತಮ್ಮ ಕಲ್ಲು ತಾವೇ ಎತ್ತಿ, ನೂರನೆಯ ವರ್ಷದಲ್ಲೂ ನೆಲದಿಂದ ತಾವೇ ಏಳಲಿ, ಆ ಹೊತ್ತಿಗೆ ಸುತ್ತ ನಿಂತ ನಮಗೆ ಕೈಗಳನ್ನು ಬೆನ್ನ ಹಿಂದೆ ಹಿಡಿದಿಟ್ಟುಕೊಳ್ಳುವಷ್ಟು ಪ್ರೀತಿ ಇರಲಿ.

ಸಮಾರಂಭದ ಮರುದಿನ ಮರೆಮ್ಮನವರ ಚೀಟಿಯನ್ನು ತುಂಬುವ ಕೆಲಸ ಈ ಲೇಖಕಿಯ ಪಾಲಿಗೆ ಬಂತು. ಸರ್ ಎದುರಿಗೇ ನಿಂತಿದ್ದರು. 'ಮರೆಮ್ಮ, ೮೦. ಒಂದು ಕೈ' ಎಂದು ಬರೆದಾಗ, ಅವರು ಪೆನ್ನು ಇಸಿದುಕೊಂಡು ಕೆಳಗೆ ಇನ್ನೊಂದು ಸಾಲು ಸೇರಿಸಿದರು: 'ಅದೂ ಅಕಿದೇ.'